ಕನ್ನಡ–ಉರ್ದು ಬೆರೆತ ಫೈಲ್ ಎಡಿಟರ್‌ನಲ್ಲಿ ನೆಟ್ಟಗೆ ಕಂಡದ್ದು: ನನ್ನ ಅನುಭವ

ಶಿವಮೊಗ್ಗದ ಅಡಿಕೆ ಮಂಡಿಯ ಲೆಕ್ಕದ ಆ್ಯಪ್. ಅದರ ಜೇಸನ್ ಫೈಲಿನಲ್ಲಿ (ಆ್ಯಪ್ ಓದುವ ಮಾಹಿತಿಯ ಪಠ್ಯ ಫೈಲ್) ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆಯ ನಾಲ್ಕು ಬಗೆಗೂ ಉರ್ದು ಹೆಸರು, ನಡುನಡುವೆ ಅಂಕಿ. ಫೈಲ್ ಸರಿಯಾಗೇ ಇತ್ತು, ಪರದೆಯ ಮೇಲೆ ಮಾತ್ರ ಒಂದೇ ಸಾಲಿನ ಎರಡು ಉರ್ದು ಪದಗಳು ಅದಲುಬದಲು. ನಡುವೆ ಸಿಕ್ಕಿದ ಕೋಟ್, ಕಾಮಾ, ಅಂಕಿ ಯಾವುದಕ್ಕೂ ಗಟ್ಟಿ ದಿಕ್ಕಿಲ್ಲ, ಬಲದಿಂದ ಎಡಕ್ಕೆ ಹೋಗುವ ಉರ್ದುವಿನ ಓಟಕ್ಕೇ ಸೇರಿಬಿಡುತ್ತವೆ. "ಎಡಿಟರ್ ಒಳಗೆ ಕೈ ಹಾಕಬೇಡ ಮಾರಾಯ, ಎಕ್ಸೆಲ್‌ನಲ್ಲೇ ಮುಗಿಸು" ಅಂದವರೇ ಎಲ್ಲ.

ಮೊದಲು ಪ್ರತಿ ಕಾಮಾದ ಹಿಂದೆ, ಎಡದಿಂದ ಬಲಕ್ಕೆ ಎಂದು ಸೂಚಿಸುವ, ಕಣ್ಣಿಗೆ ಕಾಣದ ಎಲ್‌ಆರ್‌ಎಂ ಅಕ್ಷರ ತುರುಕಿದೆ. ನೋಡಲು ಚೆನ್ನ, ಆದರೆ ಸ್ಟ್ರಿಂಗ್ (ಕೋಟ್ ನಡುವಿನ ಪಠ್ಯ) ಹೊರಗೆ ಅದು ಬಂದರೆ ಫೈಲ್ ಓದುವ ಜೇಸನ್ ಪಾರ್ಸರ್ ಒಪ್ಪುವುದಿಲ್ಲ. ಒಳಗೆ ಹಾಕಿದರೆ ಹುಡುಕಾಟ ಕೆಡುತ್ತದೆ: ಕಣ್ಣಿಗೆ ಒಂದೇ ಪದ, ಹೋಲಿಸಿದರೆ ಬೇರೆ. ಅದನ್ನೆಲ್ಲ ತೆಗೆಸಿ ಮತ್ತೆ ಉರ್ದು ಪ್ರೂಫ್ ನೋಡಿಸಿದ್ದಕ್ಕೆ ಹೆಚ್ಚುಕಡಿಮೆ 12,000 ರೂಪಾಯಿ ಹೋಯಿತು. ಆಮೇಲೆ ಇಡೀ ಸಾಲಿಗೆ ಎಡದಿಂದ ಬಲಕ್ಕೆ ಬಲವಂತದ ಓವರ್‌ರೈಡ್. ಪದಗಳು ಜಾಗದಲ್ಲಿ ನಿಂತವು, ಅಕ್ಷರಗಳು ತಿರುಗಿಹೋದವು. ಉರ್ದು ಬಲ್ಲವರಿಗೂ ಒಂದು ಪದವನ್ನೂ ಓದಲಾಗಲಿಲ್ಲ.

ಕೊನೆಗೆ ಫೈಲನ್ನು ಮುಟ್ಟದೆ ತೋರಿಸುವ ಬಗೆಯನ್ನಷ್ಟೇ ಬದಲಿಸಿದೆ. ವೆಬ್ ಪುಟದೊಳಗೆ ಎಡಿಟರ್ ಕಟ್ಟಲು ಬಳಸುವ ಕೋಡ್‌ಮಿರರ್ 6ರಲ್ಲಿ ಸಾಲು ಎಡದಿಂದಲೇ, ಪ್ರತಿ ಸ್ಟ್ರಿಂಗಿನ ಒಡಲು ಮಾತ್ರ ಬೇರೆ ಐಸೊಲೇಟ್, ಅಂದರೆ ಸುತ್ತಲಿನ ದಿಕ್ಕಿಗೆ ಅಂಟದ ಪ್ರತ್ಯೇಕ ತುಂಡು. ಕೋಟ್ ಗುರುತು ಹೊರಗಿರಬೇಕು. ಕಾಮೆಂಟ್ ಇರುವ ಕೋಡ್ ಫೈಲಾದರೆ ಅದರ ಎರಡು ಸ್ಲ್ಯಾಶ್ ಕೂಡ ಹೊರಗೆ, ಇಲ್ಲದಿದ್ದರೆ ಬಲತುದಿಗೆ ಹೋಗಿ ಕೂರುತ್ತವೆ. ಪುಟದ ನೋಟ ತೀರ್ಮಾನಿಸುವ ಸಿಎಸ್‌ಎಸ್‌ನಲ್ಲಿ ಐಸೊಲೇಟ್ ಬರೆದರೆ ಸಾಲದು, ಅದೇ ವ್ಯಾಪ್ತಿಯನ್ನು ಎಡಿಟರಿಗೂ ಹೇಳಬೇಕು. ಹೇಳದಿದ್ದರೆ ಕರ್ಸರ್ ಒಂದು ಕಡೆ, ಟೈಪಾಗುವುದು ಇನ್ನೊಂದು ಕಡೆ. ಐಸೊಲೇಟ್ ಹಾಕುವ ಈ ಡೆಕೊರೇಶನ್‌ಗೆ (ಎಡಿಟರ್ ಪಠ್ಯಕ್ಕೆ ಹಚ್ಚುವ ಗುರುತು) ಆದ್ಯತೆ ಎಲ್ಲಕ್ಕಿಂತ ಕಡಿಮೆ ಕೊಡಿ, ಆಗಲೇ ಅದು ಪದಗಳಿಗೆ ಬಣ್ಣ ಕೊಡುವ ತುಂಡುಗಳನ್ನು (ಸ್ಪ್ಯಾನ್) ಹೊರಗಿನಿಂದ ಸುತ್ತುವುದು. ಒಳಗೆ ಸಿಕ್ಕಿದರೆ ಐಸೊಲೇಟ್ ಚೂರುಚೂರಾಗಿ ಹಳೇ ರೋಗ ಮರಳುತ್ತದೆ. ನನಗೆ ನಾಲ್ಕು ದಿನ ತಿಂದದ್ದು ಇದೇ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಉರ್ದು ಸ್ಟ್ರಿಂಗಿನ ನಡುವೆ ಹೊಸ ಸಾಲಿನ ಗುರುತಾದ ಬ್ಯಾಕ್‌ಸ್ಲ್ಯಾಶ್-ಎನ್ ಬಂದರೆ ಸ್ಲ್ಯಾಶ್ ಎನ್‌ನ ಬಲಕ್ಕೆ ಕಾಣುತ್ತದೆ. ಅಂಕಿ ಬರುವ ಜಾಗ ತೋರಿಸುವ ಪರ್ಸೆಂಟ್-ಡಿ ಕೂಡ ಹಾಗೇ ತಿರುಗುತ್ತದೆ. ಹೂಬ್ರಾಕೆಟಿನೊಳಗಿನ ಸೊನ್ನೆಗೆ ಏನೂ ಆಗುವುದಿಲ್ಲ, ಬ್ರಾಕೆಟ್ ತಾನೇ ಕನ್ನಡಿಬಿಂಬವಾಗಿ ನೇರ ಕಾಣುತ್ತದೆ. ಹಾಗಾಗಿ ತಿರುಗುವ ಮೊದಲೆರಡು ಬಗೆಯ ಗುರುತುಗಳಿಗೆ ಒಳಗೊಂದು ಎಡ-ಬಲದ ಐಸೊಲೇಟ್ ಬೇಕೇ ಬೇಕು. ಮೊದಲ ಅಕ್ಷರ ನೋಡಿ ದಿಕ್ಕು ತೀರ್ಮಾನಿಸುವ ಆಟೋ ನಂಬಬೇಡಿ. ಇಂಗ್ಲಿಷ್ ಪದದಿಂದ ಶುರುವಾದ ಉರ್ದು ವಾಕ್ಯ ಕೆಡುತ್ತದೆ. ನಾನು ಅಕ್ಷರ ಎಣಿಸುತ್ತೇನೆ, ಯಾವ ಲಿಪಿ ಎಷ್ಟಿದ್ದರೆ ಯಾವ ದಿಕ್ಕು ಎಂಬ ಲೆಕ್ಕ ನನ್ನ ಹತ್ತಿರವೇ ಇರಲಿ.

2021ರಲ್ಲಿ ಕೇಂಬ್ರಿಜ್‌ನ ಬೌಚರ್, ಆಂಡರ್ಸನ್ ಟ್ರೋಜನ್ ಸೋರ್ಸ್ (ಅದೃಶ್ಯ ಅಕ್ಷರಗಳಿಂದ ಕೋಡ್ ಕಾಣುವುದೊಂದು, ನಡೆಯುವುದೊಂದು ಆಗುವ ಮೋಸ) ತೋರಿಸಿದ ಮೇಲೆ ದಿಕ್ಕು ತಿರುಗಿಸುವ ಒಂಬತ್ತೂ ಅದೃಶ್ಯ ಅಕ್ಷರಗಳನ್ನು ಕೆಂಪು ಡಬ್ಬಿಯಾಗಿ ತೋರಿಸುವುದು ಕಡ್ಡಾಯ ಅಂತಲೇ ನನ್ನ ಮತ.

ಇದೇ ಭರದಲ್ಲಿ ಕನ್ನಡಕ್ಕೂ ಸಮ ಅಗಲದ ಕಾಲಂ, ಅಂದರೆ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಮನೆ, ಪ್ರಯತ್ನಿಸಿದೆ. 'ಕ್ಷ' ಕಂಪ್ಯೂಟರಿನ ಲೆಕ್ಕದಲ್ಲಿ ಮೂರು ಸಂಕೇತ (ಕೋಡ್‌ಪಾಯಿಂಟ್), ಕಾಣುವುದು ಒಂದೇ ಅಕ್ಷರ. ಒಂದು ಮನೆ ಕೊಟ್ಟರೆ ಇಕ್ಕಟ್ಟು, ಎರಡು ಕೊಟ್ಟರೆ 'ರ'ದ ಪಕ್ಕ ಖಾಲಿ. ಕೈಬಿಟ್ಟೆ.

ಈಗ ಸುಮಾರು 4,000 ಸಾಲಿನ ಫೈಲ್ ತಡೆಯದೆ ಓಡುತ್ತದೆ, ಕಣ್ಣಿಗೆ ಕಾಣುವ ಸಾಲುಗಳಿಗಷ್ಟೇ ಐಸೊಲೇಟ್ ಲೆಕ್ಕ ಹಾಕುವುದರಿಂದ. ಎಕ್ಸೆಲ್ ಸಾಕು ಅಂದವರಲ್ಲಿ ಇಬ್ಬರು ಇದನ್ನೇ ಬಳಸುತ್ತಿದ್ದಾರೆ. ಉರ್ದು ಪದದ ನಡುವಿಂದ ಹೊರಗಿನವರೆಗೆ ಆಯ್ಕೆ ಎಳೆದರೆ ಬಣ್ಣ ಎರಡು ತುಂಡಾಗಿ ಕಾಣುತ್ತದೆ, ಅದನ್ನು ತಿದ್ದಲು ಹೋಗಬೇಡಿ, ಕಾಪಿ ಸರಿಯಾಗೇ ಆಗುತ್ತದೆ.