ದೊಡ್ಡ ಸ್ವಿಮ್‌ಬೇಟ್‌ಗೆ ಕೊಕ್ಕೆ ಕಟ್ಟೋದು ಹೇಗೆ, ಅದನ್ನ ಬಾಸ್ ಮೀನಿನ ಮುಂದೆ ಓಡಿಸೋದು ಹೇಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾ ಕಡೆ ಇದ್ಕೊಂಡು ವೀಕೆಂಡ್ ಬಂದ್ರೆ ರಾಡ್ ಎತ್ಕೊಂಡು ಕೆರೆ ಕಡೆ ಹೊರಡೋ ಕನ್ನಡದವರಿಗೆ ಇದು. ಐದಿಂಚಿನ ರಬ್ಬರ್ ಹುಳ ಹಾಕಿ ಒಂದೆರಡು ಪೌಂಡಿನ ಬಾಸ್ ಹಿಡಿಯೋದು ನಿಮಗೆ ಬರತ್ತೆ, ಆದ್ರೆ ಅಂಗಡೀಲಿ ನೇತಾಡೋ 8 ಇಂಚಿನ ಟ್ರೌಟ್ ಮೀನಿನ ಥರದ ಸ್ವಿಮ್‌ಬೇಟ್ (ಈಜೋ ಮೀನಿನ ಹಾಗೆ ಮಾಡಿರೋ ಕೃತಕ ಬೇಟ್) ನೋಡಿದ್ರೆ ಇಷ್ಟು ದೊಡ್ಡದನ್ನ ಯಾವ ಮೀನು ನುಂಗತ್ತೆ ಅನ್ಸತ್ತೆ. ನುಂಗತ್ತೆ, ಅದೂ ಕೆರೇಲಿರೋ ದೊಡ್ಡ ಮೀನೇ ನುಂಗತ್ತೆ. ಸಮಸ್ಯೆ ಇರೋದು ನುಂಗಿದ ಮೇಲೆ. 5 ಔನ್ಸ್ ಅಂದ್ರೆ ಸುಮಾರು 140 ಗ್ರಾಂ ತೂಕದ ಬೇಟ್ ಬಾಯಲ್ಲಿ ಇಟ್ಕೊಂಡು ಬಾಸ್ ನೀರಿಂದ ಮೇಲೆ ಹಾರಿ ತಲೆ ಒದರಿದ್ರೆ ಆ ತೂಕವೇ ಸನ್ನೆಕೋಲಾಗಿ ಕೊಕ್ಕೆನ ಕಿತ್ತು ಬಿಸಾಕತ್ತೆ. ಅದಕ್ಕೇ ದೊಡ್ಡ ಬೇಟ್‌ನಲ್ಲಿ ರಿಗ್ಗಿಂಗ್‌ಗೆ, ಅಂದ್ರೆ ಕೊಕ್ಕೆ ಕಟ್ಟೋದಕ್ಕೆ, ಕಾಸ್ಟಿಂಗ್‌ಗಿಂತ (ಎಸೆಯೋದಕ್ಕಿಂತ) ಜಾಸ್ತಿ ಟೈಮ್ ಕೊಡಿ ಅಂತ ನಾನು ಹೇಳೋದು.

ಮೊದಲು ಈ ದೊಡ್ಡ ಬೇಟ್ ಕ್ಯಾಲಿಫೋರ್ನಿಯಾದಲ್ಲೇ ಯಾಕೆ ಹುಟ್ಟಿತು ಅನ್ನೋದು ಗೊತ್ತಿದ್ರೆ ಯಾವ ಕೆರೆಗೆ ಯಾವಾಗ ಹೋಗ್ಬೇಕು ಅಂತ ತಾನಾಗೇ ಹೊಳೆಯತ್ತೆ. 1959ರಲ್ಲಿ ಫ್ಲೋರಿಡಾ ತಳಿಯ ಲಾರ್ಜ್‌ಮೌತ್ ಬಾಸ್ ತಂದು ಸ್ಯಾನ್ ಡಿಯಾಗೋ ಕಡೆಯ ಕೆರೆಗೆ ಬಿಟ್ರು, ಈ ತಳಿ ಸಿಕ್ಕಾಪಟ್ಟೆ ದೊಡ್ಡದಾಗಿ ಬೆಳೆಯತ್ತೆ. ಜೊತೆಗೆ ಚಳಿಗಾಲದಲ್ಲಿ ಜನ ಹಿಡಿಯಲಿ ಅಂತ ಹ್ಯಾಚರಿಯ (ಮೀನು ಮರಿ ಬೆಳೆಸೋ ಕೇಂದ್ರದ) ರೇನ್‌ಬೋ ಟ್ರೌಟ್‌ನ ಲಾರಿಗಟ್ಟಲೆ ತಂದು ಅದೇ ಕೆರೆಗಳಿಗೆ ಸುರೀತಾರೆ. ತೊಟ್ಟಿಯಲ್ಲಿ ಬೆಳೆದ ಟ್ರೌಟ್, ಮೆತ್ತಗೆ, ಕೊಬ್ಬು ಜಾಸ್ತಿ, ಓಡೋಕೂ ಬರಲ್ಲ. ಅದನ್ನ ತಿಂದು ತಿಂದು ಬಾಸ್‌ಗಳು ದೈತ್ಯ ಆದ್ವು. ವಿಶ್ವ ದಾಖಲೆ 22 ಪೌಂಡ್ 4 ಔನ್ಸ್, 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದಿದ್ದು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದನ್ನ ಸರಿಗಟ್ಟಿದ್ರು. ಆದ್ರೆ 2006ರಲ್ಲಿ ಎಸ್ಕಾಂಡಿಡೋ ಊರಿನ ಡಿಕ್ಸನ್ ಲೇಕ್ ಅನ್ನೋ ಪುಟ್ಟ ಕೆರೇಲಿ 25 ಪೌಂಡ್ 1 ಔನ್ಸಿನ ಬಾಸ್ ಬಂದಿತ್ತು, ಕೊಕ್ಕೆ ಬಾಯಿಗೆ ಬೀಳದೆ ಮೈಗೆ ಸಿಕ್ಕಿದ್ದರಿಂದ ಅದು ದಾಖಲೆ ಆಗಲಿಲ್ಲ, ವಾಪಸ್ ನೀರಿಗೆ ಬಿಟ್ರು. ಅಂಥ ಮೀನಿಗೆ 8 ಇಂಚಿನ ಟ್ರೌಟ್ ಒಂದು ತುತ್ತು ಅಷ್ಟೇ.

ನಮ್ಮ ಕಡೆ ಅಂದ್ರೆ ಲಿವರ್‌ಮೋರ್ ಹತ್ರ ಡೆಲ್ ವಾಯೆ, ಕ್ಯಾಸ್ಟ್ರೋ ವ್ಯಾಲಿ ಹತ್ರ ಶಾಬೋ, ಎಲ್ ಸೊಬ್ರಾಂಟೆ ಹತ್ರ ಸ್ಯಾನ್ ಪ್ಯಾಬ್ಲೋ ರೆಸರ್ವಾಯರ್, ಇವೆಲ್ಲ ಟ್ರೌಟ್ ಬಿಡೋ ಕೆರೆಗಳೇ. ಇನ್ನೂ ಉತ್ತರಕ್ಕೆ ಕ್ಲಿಯರ್ ಲೇಕ್, ಅಲ್ಲಿ ಹಿಚ್ ಅನ್ನೋ ಸ್ಥಳೀಯ ಮೀನು ಚಳಿಗಾಲದ ಕೊನೆಯಿಂದ ವಸಂತದವರೆಗೆ ಮೊಟ್ಟೆ ಇಡೋಕೆ ಹಳ್ಳಗಳ ಕಡೆ ನುಗ್ಗತ್ತೆ, ಹಳ್ಳ ಕೆರೆಗೆ ಸೇರೋ ಬಾಯಲ್ಲಿ ದೊಡ್ಡ ಬಾಸ್ ಕಾಯ್ಕೊಂಡಿರತ್ತೆ. ಅಲ್ಲಿ ಟ್ರೌಟ್ ಬಣ್ಣಕ್ಕಿಂತ ಹಿಚ್ ಥರ ಬೆಳ್ಳಿ-ಕಂದು ಬಣ್ಣದ ಬೇಟ್ ಹಾಕಿ. ಕೆರೇಲಿ ಬಾಸ್ ಏನ್ ತಿಂತಿದೆಯೋ ಅದರ ಬಣ್ಣ ಮತ್ತೆ ಸೈಜು, ಬೇಟ್ ಆರಿಸೋಕೆ ಇಷ್ಟು ಸಾಕು.

ಸಾಮಾನಿನ ಬಗ್ಗೆ ಜಾಸ್ತಿ ಎಳೆಯಲ್ಲ. ರಾಡ್ 8 ಅಡಿ ಆಸುಪಾಸು, ಹೆವಿ ಅಥವಾ ಎಕ್ಸ್‌ಟ್ರಾ ಹೆವಿ, ಅದರ ಮೇಲೆ 2ರಿಂದ 8 ಔನ್ಸ್ ಲೂರ್ (ಕೃತಕ ಬೇಟ್) ಅಂತ ಬರೆದಿರ್ಬೇಕು, ಮಾಮೂಲಿ 7 ಅಡಿ ರಾಡ್‌ನಲ್ಲಿ ಇದನ್ನ ಎಸೆದ್ರೆ ರಾಡ್ ಮುರಿಯೋದು ಗ್ಯಾರಂಟಿ. ರೀಲು 300 ಇಲ್ಲ 400 ಸೈಜಿನ ಬೇಟ್‌ಕಾಸ್ಟರ್, ಶಿಮಾನೊ ಟ್ರಾಂಕ್ಸ್ ಆಗಲಿ ಡೈವಾ ಲೆಕ್ಸಾ ಆಗಲಿ ಎರಡೂ ಚೆನ್ನಾಗಿವೆ. ಲೈನ್ 20ರಿಂದ 25 ಪೌಂಡಿನ ಮೋನೋ (ಒಂದೆಳೆ ನೈಲಾನ್) ಅಥವಾ ಫ್ಲೋರೋಕಾರ್ಬನ್. ಬ್ರೇಡ್ (ಹೆಣೆದ ಲೈನ್) ಬೇಕು ಅನ್ನೋರು 65 ಪೌಂಡ್ ಹಾಕಿ ಮುಂದೆ ಲೀಡರ್ (ಬೇರೆ ಲೈನಿನ ತುಂಡು) ಕಟ್ಕೊಳ್ಳಿ, ಆದ್ರೆ ಹೊಸಬರಿಗೆ ನಾನು ಮೋನೋನೇ ಹೇಳ್ತೀನಿ, ಯಾಕಂದ್ರೆ ಬ್ರೇಡ್ ಸ್ಪೂಲಲ್ಲಿ ಸಿಕ್ಕಾಕೊಂಡ್ರೆ ಎಸೆದ ರಭಸಕ್ಕೆ ಪಟ್ ಅಂತ ಕಿತ್ತು 30 ಡಾಲರ್ ಬೇಟ್ ಕೆರೆ ಮಧ್ಯಕ್ಕೆ ಹಾರಿಹೋಗತ್ತೆ. ಗಂಟಿನ ವಿಷಯದಲ್ಲಿ ಒಂದು ಮಾತು, ಎಲ್ಲರೂ ಹೇಳೋ ಪಾಲೊಮಾರ್ ಗಂಟು ಇಲ್ಲಿ ಕಷ್ಟ, ಕುಣಿಕೆ ಒಳಗೆ ಇಡೀ ಬೇಟ್ ತೂರಿಸ್ಬೇಕು, ಟ್ರೆಬಲ್ (ಮೂರು ಮುಳ್ಳಿನ ಕೊಕ್ಕೆ) ಅದಕ್ಕೆ ಸಿಕ್ಕಿ ಲೈನ್ ಗೀಚಿ ಹೋಗತ್ತೆ. ಸ್ಯಾನ್ ಡಿಯಾಗೋ ಜಾಮ್ ಗಂಟು ಕಲೀರಿ, ಎಳೆಯೋ ಮುಂಚೆ ಒದ್ದೆ ಮಾಡ್ಕೊಳ್ಳಿ, ಆರಾಮಾಗಿ ತಡೆಯತ್ತೆ.

ಈಗ ಮುಖ್ಯ ವಿಷಯ, ಮೆತ್ತನೆ ಟ್ರೌಟ್ ಬೇಟ್‌ಗೆ ಸ್ಟಿಂಗರ್, ಅಂದ್ರೆ ಹೆಚ್ಚುವರಿ ಕೊಕ್ಕೆ, ಕಟ್ಟೋದು. ಹಡಲ್‌ಸ್ಟನ್ ಕಂಪನಿಯ 8 ಇಂಚಿನದನ್ನೇ ಉದಾಹರಣೆಗೆ ತಗೊಳ್ಳೋಣ, ಅದರ ಬೆನ್ನ ಮೇಲೆ ಒಂದು ದೊಡ್ಡ ಕೊಕ್ಕೆ ಬಂದಿರತ್ತೆ, ಅಷ್ಟನ್ನೇ ನಂಬ್ಕೊಂಡ್ರೆ ಹಿಂದಿನಿಂದ ಬಂದು ಬಾಲದ ಕಡೆ ಕಚ್ಚೋ ಮೀನೆಲ್ಲ ತಪ್ಪಿಹೋಗತ್ತೆ. ಅದಕ್ಕೆ ಒಂದು ಟ್ರೆಬಲ್ ಸೇರಿಸ್ತೀವಿ, ಆದ್ರೆ ಬೇಟ್ ಮೈಗೆ ಬಿಗಿಯಾಗಿ ಅಲ್ಲ. ಮೂಗಿನ ಹತ್ರ ಲೈನ್ ಕಟ್ಟೋ ಬಳೆ ಇದೆಯಲ್ಲ, ಅದಕ್ಕೊಂದು ಗಟ್ಟಿ ಸ್ಪ್ಲಿಟ್ ರಿಂಗ್ ಹಾಕಿ. ಆಮೇಲೆ ಪ್ಲಾಸ್ಟಿಕ್ ಲೇಪ ಇರೋ, ತುಂಬಾ ಎಳೆ ಹೆಣೆದ ಮೆತ್ತನೆ ವೈರ್, ಇಲ್ಲ ಅಂದ್ರೆ 80 ಪೌಂಡಿನ ಬ್ರೇಡ್ ತಗೊಂಡು ಒಂದು ತುದಿ ಆ ರಿಂಗಿಗೆ, ಇನ್ನೊಂದು ತುದಿ 1/0 ಅಥವಾ 2/0 ಟ್ರೆಬಲ್‌ನ ಕಣ್ಣಿಗೆ. ವೈರ್ ಆದ್ರೆ ಕ್ರಿಂಪ್ ಸ್ಲೀವ್ (ಸಣ್ಣ ಲೋಹದ ಕೊಳವೆ) ಹಾಕಿ ಒತ್ತಿ, ಕ್ರಿಂಪ್ ಆದ ಮೇಲೆ ಒಂದ್ಸಲ ಇಕ್ಕಳದಲ್ಲಿ ಹಿಡಿದು ಜಗ್ಗಿ ನೋಡಿ. ಟ್ರೆಬಲ್‌ನ ಮೂರು ಮುಳ್ಳಲ್ಲಿ ಒಂದನ್ನ ಮಾತ್ರ ಹೊಟ್ಟೆಯ ನಡುಗೆರೆಗೆ ಸರಿಯಾಗಿ, ಎದೆ ರೆಕ್ಕೆ ದಾಟಿ ಸ್ವಲ್ಪ ಹಿಂದೆ, ಬಾರ್ಬ್ (ತುದಿಯ ಹಿಮ್ಮುಖ ಮುಳ್ಳು) ಮುಳುಗೋ ಅಷ್ಟು ಮೆಲ್ಲಗೆ ಚುಚ್ಚಿ. ಉಳಿದ ಎರಡು ಮುಳ್ಳು ಎಡಕ್ಕೊಂದು ಬಲಕ್ಕೊಂದು ಹೊರಗೆ ನಿಂತಿರತ್ತೆ.

ಇದರ ಲಾಭ ಏನು ಅಂದ್ರೆ ಬಾಸ್ ಕಚ್ಚಿ ನೀವು ಎಳೆದ ತಕ್ಷಣ ಆ ಚುಚ್ಚಿದ ಮುಳ್ಳು ರಬ್ಬರಿಂದ ಬಿಡಿಸ್ಕೊಂಡು ಬರತ್ತೆ, ಮೀನಿನ ಬಾಯಲ್ಲಿ ಬರೀ ಟ್ರೆಬಲ್, ಬೇಟ್ ಪಕ್ಕದಲ್ಲಿ ಸಡಿಲವಾಗಿ ನೇತಾಡ್ತಿರತ್ತೆ. ತಲೆ ಒದರಿದ್ರೂ ಆ 140 ಗ್ರಾಂ ಕೊಕ್ಕೆ ಮೇಲೆ ಬೀಳಲ್ಲ. ಕಂಪನಿಗಳೂ ಇದೇ ತತ್ವದ ಮೇಲೆ ಬೇಟ್ ಮಾಡಿವೆ ನೋಡಿ, ಮೆಗಾಬಾಸ್ ಮ್ಯಾಗ್‌ಡ್ರಾಫ್ಟ್‌ನ ಹೊಟ್ಟೇಲಿ ಆಯಸ್ಕಾಂತ ಇದೆ, ಟ್ರೆಬಲ್ ಅದಕ್ಕೆ ಅಂಟ್ಕೊಂಡಿರತ್ತೆ, ಕಚ್ಚಿದ ಮೇಲೆ ಬಿಟ್ಕೊಳ್ಳತ್ತೆ. ಲೈನ್-ಥ್ರೂ ಅಂತ ಬರೋದ್ರಲ್ಲಿ ಲೈನೇ ಬೇಟ್ ಒಳಗಿಂದ ಹಾದು ಹೋಗತ್ತೆ, ಮೀನು ಸಿಕ್ಕ ಮೇಲೆ ಬೇಟ್ ಲೈನ್ ಮೇಲೆ ಜಾರ್ಕೊಂಡು ದೂರ ಹೋಗತ್ತೆ.

ವೈರಿನ ಉದ್ದದಲ್ಲೇ ಎಲ್ಲ ಇರೋದು. ಗಿಡ್ಡ ಆದ್ರೆ ಬೇಟ್ ಬಿಲ್ಲಿನ ಥರ ಬಗ್ಗಿ ಬಾಲ ಸರಿಯಾಗಿ ಆಡಲ್ಲ, ಉದ್ದ ಆದ್ರೆ ಎಸೆದಾಗ ಟ್ರೆಬಲ್ ಕಳಚಿ ಬಾಲಕ್ಕೆ ಸಿಕ್ಕಾಕೊಳ್ಳತ್ತೆ. ಬೇಟ್‌ನ ಎರಡೂ ಕೈಯಲ್ಲಿ ಹಿಡಿದು ಹಾವಿನ ಥರ ಎಡಕ್ಕೆ ಬಲಕ್ಕೆ ಬಗ್ಗಿಸಿ ನೋಡಿ, ಎರಡೂ ಕಡೆ ಬಗ್ಗಿದಾಗ್ಲೂ ವೈರ್ ಬಿಗಿ ಆಗ್ಬಾರ್ದು, ನೇರ ಹಿಡಿದಾಗ ಕೆಳಗೆ ಒಂದು ಬೆರಳು ತೂರೋದಕ್ಕಿಂತ ಜಾಸ್ತಿ ಜೋತುಬೀಳ್ಬಾರ್ದು. ಆಮೇಲೆ ಕಾಲ ಹತ್ರಾನೇ ನೀರಿಗೆ ಬಿಟ್ಟು ನಾಲ್ಕಡಿ ನಿಧಾನಕ್ಕೆ ಎಳೀರಿ. ಬೆನ್ನು ನೇರ ಮೇಲಕ್ಕಿದ್ದು ಬಾಲ ಮಾತ್ರ ಅತ್ತಿತ್ತ ಆಡ್ತಿದ್ರೆ ಸರಿ, ಒಂದು ಪಕ್ಕಕ್ಕೆ ವಾಲ್ತಾ ಇದ್ರೆ ಟ್ರೆಬಲ್ ನಡುಗೆರೆ ಬಿಟ್ಟು ಕೂತಿದೆ ಅಂತ, ಕಿತ್ತು ಒಂದೆರಡು ಮಿಲಿಮೀಟರ್ ಸರಿಸಿ ಮತ್ತೆ ಚುಚ್ಚಿ. ವಾಲೋ ಬೇಟ್‌ನ ದೊಡ್ಡ ಬಾಸ್ ಹಿಂದಿಂದ ಬಂದು ನೋಡಿ ವಾಪಸ್ ಹೋಗತ್ತೆ ಅಷ್ಟೇ. ತಳದಲ್ಲಿ ಕಲ್ಲು, ಬೇರು ಜಾಸ್ತಿ ಇರೋ ಕಡೆ ಅದೇ ಟ್ರೆಬಲ್‌ನ ಹೊಟ್ಟೆ ಬದಲು ಬೆನ್ನ ಮೇಲೆ ಚುಚ್ಚಿ, ಸಿಕ್ಕಾಕೊಳ್ಳೋದು ತುಂಬಾ ಕಮ್ಮಿ ಆಗತ್ತೆ.

ಜೊಂಡು, ಪಾಚಿ ಇರೋ ಜಾಗಕ್ಕೆ ಟ್ರೆಬಲ್ ಬೇಡವೇ ಬೇಡ. ಕೈಟೆಕ್ ಥರದ 7-8 ಇಂಚಿನ ಪ್ಯಾಡಲ್ ಬಾಲದ ಬೇಟ್ ತಗೊಂಡು, ಓನರ್ ಕಂಪನಿಯ ಬೀಸ್ಟ್ ಥರದ ದೊಡ್ಡ ಸಿಂಗಲ್ ಕೊಕ್ಕೆ, 8/0 ಸುತ್ತಮುತ್ತ, ಕಾಂಡದ ಮೇಲೆ ಸೀಸ ಇರೋದು, ಅದರ ಮುಂದಿರೋ ಸ್ಪ್ರಿಂಗ್‌ನ ಬೇಟ್ ಮೂಗಿನ ನಟ್ಟನಡುವೆ ತಿರುಗಿಸಿ ಹತ್ತಿಸಿ. ಕೊಕ್ಕೆನ ಬೇಟ್ ಪಕ್ಕಕ್ಕೆ ಇಟ್ಟು ಬಾಗು ಎಲ್ಲಿ ಬರತ್ತೆ ಅಂತ ಗುರುತು ಮಾಡಿ, ಅಲ್ಲಿ ಹೊಟ್ಟೆ ಕಡೆಯಿಂದ ಚುಚ್ಚಿ ಬೆನ್ನಿಂದ ಹೊರಗೆ ತೆಗೀರಿ, ಮುಳ್ಳಿನ ತುದಿ ಬೆನ್ನಿಗೆ ಮಲಗಿದ ಹಾಗೆ ಕೂರಲಿ. ಕೆಳಗಿರೋ ಸೀಸ ಬೇಟ್‌ನ ನೇರ ನಿಲ್ಲಿಸತ್ತೆ.

ಎಸೆಯೋದು ಬೇರೆ ರೀತಿ. ಸಣ್ಣ ಲೂರ್ ಥರ ಮಣಿಕಟ್ಟಲ್ಲಿ ಚಟ್ ಅಂತ ಬೀಸ್ಬೇಡಿ. ರಾಡ್ ತುದಿಯಿಂದ ಎರಡಡಿ ಕೆಳಗೆ ಬೇಟ್ ಇಳಿಬಿಟ್ಟು, ಹಿಂದೆ ಯಾರಾದ್ರೂ ಇದಾರಾ ನೋಡಿ, ಎರಡೂ ಕೈಯಲ್ಲಿ ನಿಧಾನಕ್ಕೆ ಸುತ್ತಿ ತೂಗಿ ಬಿಡಿ, ತೂಕ ತಾನೇ ಹೋಗತ್ತೆ, ಬೀಳೋ ಮುಂಚೆ ಹೆಬ್ಬೆರಳಲ್ಲಿ ಸ್ಪೂಲ್ ಒತ್ತಿ ಮೆಲ್ಲಗೆ ಇಳಿಸಿ. ಕನ್ನಡಕ ಹಾಕ್ಕೊಂಡೇ ಎಸೀರಿ, ಪೋಲರೈಸ್ಡ್ ಆದ್ರೆ ಹಿಂದೆ ಬರೋ ಮೀನೂ ಕಾಣತ್ತೆ, 2/0 ಟ್ರೆಬಲ್ ವಾಪಸ್ ಮುಖಕ್ಕೆ ಬಂದ್ರೆ ಕಣ್ಣೂ ಉಳಿಯತ್ತೆ.

ಹಡಲ್‌ಸ್ಟನ್ ಬೇಟ್ ಮೇಲೆ ಆರ್‌ಓಎಫ್ (ರೇಟ್ ಆಫ್ ಫಾಲ್, ಮುಳುಗೋ ವೇಗ) 5, 12, 16 ಅಂತ ಇರತ್ತೆ. 10 ಸೆಕೆಂಡಲ್ಲಿ ಎಷ್ಟು ಅಡಿ ಮುಳುಗತ್ತೆ ಅನ್ನೋ ಲೆಕ್ಕ ಅದು. ಅಂದ್ರೆ 12 ಇರೋದನ್ನ 20 ಅಡಿ ಆಳಕ್ಕೆ ಇಳಿಸೋಕೆ 17 ಸೆಕೆಂಡ್ ಎಣಿಸ್ಬೇಕು, 5 ಇರೋದಾದ್ರೆ 40 ಸೆಕೆಂಡ್. ಒಂದೇ ಕೊಳ್ಳೋದಾದ್ರೆ 12 ತಗೊಳ್ಳಿ. ತಳ ಮುಟ್ಟಿತು ಅಂತ ಗೊತ್ತಾದ ಮೇಲೆ ಹ್ಯಾಂಡಲ್‌ನ ಎಷ್ಟು ನಿಧಾನ ಅಂದ್ಕೊಂಡಿದ್ದೀರೋ ಅದಕ್ಕಿಂತ ನಿಧಾನಕ್ಕೆ ತಿರುಗಿಸಿ, ಬಾಲ ಆಡೋಕೆ ಬೇಕಾದಷ್ಟೇ ವೇಗ, ಆಗಾಗ ತಳಕ್ಕೆ ಟಕ್ ಅಂತ ತಾಗ್ತಿರಲಿ. ದಡದಿಂದ ಹಿಡಿಯೋರಿಗೆ ಇದರಲ್ಲಿ ದೊಡ್ಡ ಅನುಕೂಲ ಇದೆ, ನೀವು ಎಸೆಯೋದು ಆಳಕ್ಕೆ, ಎಳೆಯೋದು ದಿಬ್ಬ ಹತ್ತಿಸ್ಕೊಂಡು ಮೇಲಕ್ಕೆ, ಬೇಟ್ ಉದ್ದಕ್ಕೂ ತಳದ ಹತ್ರಾನೇ ಇರತ್ತೆ. ದೋಣಿಯವರೂ ಎಷ್ಟೋ ಜನ ದೋಣಿನ ದಡಕ್ಕೆ ಒತ್ತಿ ನಿಲ್ಲಿಸಿ ಆಳಕ್ಕೆ ಎಸೆಯೋದು ಇದಕ್ಕೇ.

ಗ್ಲೈಡ್ ಬೇಟ್ ಇದಕ್ಕೆ ಪೂರ್ತಿ ಉಲ್ಟಾ. ಗಟ್ಟಿ ಮೈ, ನಡುವೆ ಒಂದು ಕೀಲು, ಎಳೆದ್ರೆ ಎಡ ಬಲ ಜಾರ್ಕೊಂಡು ಬರತ್ತೆ. ಡೆಪ್ಸ್ ಸ್ಲೈಡ್ ಸ್ವಿಮ್ಮರ್ 250, ಗಾನ್‌ಕ್ರಾಫ್ಟ್ ಜಾಯಿಂಟೆಡ್ ಕ್ಲಾ 178 ಎಲ್ಲ ದುಬಾರಿ, ಶುರು ಮಾಡೋರಿಗೆ ರಿವರ್‌ಟುಸೀ ಎಸ್-ವೇವರ್ 168 ಸಾಕು. ಇದಕ್ಕೆ ಸ್ಟಿಂಗರ್ ಬೇಡ, ಬಂದಿರೋ ಟ್ರೆಬಲ್ ಚೂಪಾಗಿದ್ಯಾ ಉಗುರ ಮೇಲೆ ಗೀಚಿ ನೋಡಿ, ಜಾರಿದ್ರೆ ಬದಲಾಯಿಸಿ. ಬೇರೆ ಸೈಜ್ ಟ್ರೆಬಲ್ ಹಾಕಿದ್ರೆ ತೂಕ ಬದಲಾಗಿ ಮುಳುಗೋ ವೇಗ ಬದಲಾಗತ್ತೆ, ಬೇಟ್ ತೇಲ್ತಾ ಇದ್ರೆ ಹೊಟ್ಟೆಗೆ ಸಣ್ಣ ಸೀಸದ ಸ್ಟಿಕ್ಕರ್ ಅಂಟಿಸಿ ಸರಿಮಾಡ್ಕೊಳ್ಳಿ. ಫ್ಲೋರೋ ಲೈನ್ ನೀರಲ್ಲಿ ಮುಳುಗಿ ಮೂಗನ್ನ ಕೆಳಗೆ ಎಳೆಯತ್ತೆ, ಮೇಲ್ಮೇಲೇ ಓಡಿಸ್ಬೇಕು ಅಂದ್ರೆ ಮೋನೋ. ಹ್ಯಾಂಡಲ್ ಅರ್ಧ ಸುತ್ತು, ಸ್ವಲ್ಪ ಬಿಡಿ, ಮತ್ತೆ ಅರ್ಧ ಸುತ್ತು. ಹಿಂದೆ ಮೀನು ಬರೋದು ಕಂಡ್ರೆ ಕೈ ನಿಲ್ಲಿಸಿಬಿಡೋದೇ ಎಲ್ಲರೂ ಮಾಡೋದು, ಆದ್ರೆ ನಿಂತ ಬೇಟ್‌ನ ಬಾಸ್ ಆರಾಮಾಗಿ ಪರೀಕ್ಷೆ ಮಾಡಿ ಹೊರಟುಹೋಗತ್ತೆ. ಹ್ಯಾಂಡಲ್‌ನ ಎರಡು ಸಲ ಚುರುಕಾಗಿ ಗಕ್ ಗಕ್ ಅಂತ ತಿರುಗಿಸಿ ಲೈನ್ ಸಡಿಲ ಬಿಡಿ, ಬೇಟ್ ಗಿರಕ್ ಅಂತ ತಿರುಗಿ ಬಾಸ್ ಮುಖಕ್ಕೇ ಎದುರಾಗತ್ತೆ, ಬಹಳಷ್ಟು ಕಚ್ಚೋದು ಆ ಗಳಿಗೇಲೇ. ಆದ್ರೂ ಕಚ್ಚದೆ ಹೋದ್ರೆ ಆ ಜಾಗ ನೆನಪಿಟ್ಕೊಂಡು ಬೆಳಕು ಇಳಿದ ಮೇಲೆ, ಇಲ್ಲ ಗಾಳಿ ಎದ್ದು ನೀರು ಕದಡಿದಾಗ ವಾಪಸ್ ಬನ್ನಿ, ಮೀನು ಅಲ್ಲೇ ಹತ್ರದಲ್ಲಿರತ್ತೆ.

ಕಚ್ಚಿದಾಗ ಟ್ರೆಬಲ್ ರಿಗ್‌ಗೆ ಜೋರಾಗಿ ಹೊಡೀಬೇಡಿ. ಭಾರ ಬರೋ ತನಕ ಸುತ್ತಿ, ರಾಡ್‌ನ ಪಕ್ಕಕ್ಕೆ ಉದ್ದಕ್ಕೆ ಎಳೀರಿ. ಸಿಂಗಲ್ ಕೊಕ್ಕೆ ಆದ್ರೆ ಮಾತ್ರ ಬಲವಾಗಿ ಹೊಡೆಯಲೇಬೇಕು, ಅದು ರಬ್ಬರ್ ದಾಟಿ ದವಡೆ ಸೇರ್ಬೇಕಲ್ಲ. ದಡಕ್ಕೆ ಬರೋವಾಗ ರಾಡ್ ತುದಿ ಕೆಳಗಿಟ್ಟು ಹಾರದ ಹಾಗೆ ನೋಡ್ಕೊಳ್ಳಿ, ಬಲೆ ರಬ್ಬರ್ ಲೇಪದ್ದೇ ಇರಲಿ. ಹತ್ತು ಪೌಂಡಿನ ಮೀನನ್ನ ಬರೀ ದವಡೆ ಹಿಡಿದು ನೇತಾಡಿಸಿದ್ರೆ ದವಡೆಗೇ ಪೆಟ್ಟು, ಇನ್ನೊಂದು ಕೈ ಹೊಟ್ಟೆ ಕೆಳಗೆ ಕೊಡಿ, ಒಂದು ಫೋಟೋ, ವಾಪಸ್ ನೀರಿಗೆ. ಅಷ್ಟು ದೊಡ್ಡದಾಗೋಕೆ ಅದಕ್ಕೆ ಎಷ್ಟೋ ವರ್ಷ ಹಿಡಿದಿರತ್ತೆ, ದಯವಿಟ್ಟು ಸಾರಿಗೆ ಹಾಕ್ಬೇಡಿ. ಕ್ಲಿಯರ್ ಲೇಕ್ ಮೀನಲ್ಲಂತೂ ಹಳೇ ಗಣಿಯ ಪಾದರಸ ಇದೆ, ತಿನ್ನೋದರ ಬಗ್ಗೆ ಸರ್ಕಾರದ ಎಚ್ಚರಿಕೆಯೇ ಇದೆ. 16 ವರ್ಷ ಆದೋರಿಗೆ ರಾಜ್ಯದ ಫಿಶಿಂಗ್ ಲೈಸೆನ್ಸ್ ಕಡ್ಡಾಯ, ಡೆಲ್ ವಾಯೆ, ಶಾಬೋದಲ್ಲಿ ಅದರ ಮೇಲೆ ದಿನದ ಪರ್ಮಿಟ್ಟೂ ಬೇಕು.

ಮನೆಗೆ ಬಂದ ಮೇಲೆ ಮೆತ್ತನೆ ಬೇಟ್‌ಗಳನ್ನ ಡಬ್ಬೀಲಿ ಒಟ್ಟಿಗೆ ತುರುಕಬೇಡಿ, ಕೊಂಡಾಗ ಬಂದಿರೋ ಪ್ಲಾಸ್ಟಿಕ್ ಅಚ್ಚಲ್ಲೇ ವಾಪಸ್ ಮಲಗಿಸಿ, ಬೇರೆ ಬೇರೆ ಕಂಪನಿಯ ರಬ್ಬರ್ ಒಂದಕ್ಕೊಂದು ತಾಗಿದ್ರೆ ಕೆಲವು ಸಲ ಕರಗಿ ಅಂಟ್ಕೊಂಡುಬಿಡತ್ತೆ. ಬಾಲ ಸೊಟ್ಟ ಆಗಿದ್ರೆ ಕುದಿಯೋ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಕೈಯಲ್ಲಿ ನೇರ ಮಾಡಿ, ತಕ್ಷಣ ಐಸ್ ನೀರಿಗೆ ಹಾಕಿ. ಟ್ರೆಬಲ್ ಚುಚ್ಚಿ ಚುಚ್ಚಿ ಹೊಟ್ಟೆ ಹರಿದಿದ್ರೆ ಮೆಂಡ್-ಇಟ್ ಥರದ ಸಾಫ್ಟ್ ಪ್ಲಾಸ್ಟಿಕ್ ಅಂಟು ಹಚ್ಚಿ ಒಣಗೋಕೆ ಬಿಡಿ, ಮುಂದಿನ ಸಲ ಹಳೇ ತೂತಿಗಿಂತ ಒಂಚೂರು ಮುಂದೆ ಚುಚ್ಚಿ. ವೈರ್ ಎಲ್ಲಾದ್ರೂ ಮಡಿಚಿದ್ರೆ, ಲೇಪ ಸುಲಿದಿದ್ರೆ ಕತ್ತರಿಸಿ ಹೊಸದು ಕಟ್ಟಿ.