ಅಲೆಸ್ಟರ್ ಕ್ರೋಲಿ: ಊರಿನ ಗ್ರಂಥಾಲಯದಲ್ಲಿ ನಲವತ್ತು ನಿಮಿಷ ಮಾತಾಡುವುದಾದರೆ

ಕ್ರೋಲಿ ಇಂಗ್ಲೆಂಡಿನ ನಿಗೂಢವಿದ್ಯೆಯ ಬರಹಗಾರ, ಪರ್ವತಾರೋಹಿ. ಪೆರ್ಲ, ಬದಿಯಡ್ಕ, ಕುಂಬಳೆ ಕಡೆಯ ಗ್ರಂಥಾಲಯಗಳಲ್ಲಿ ಅವನ ವಿಷಯ ಎತ್ತಿದರೆ ಮಾತು ಬೇಗ ಮಾಟ-ಮಂತ್ರಕ್ಕೆ, ಅಲ್ಲಿಂದ ತುಳುನಾಡಿನ ದೈವ ಗುಳಿಗನಿಗೆ ಜಾರುತ್ತದೆ. ಹಾಗಾಗಿ ಮೊದಲು ಬೋರ್ಡಿನಲ್ಲಿ ಆರು ಇಸವಿ ಬರೆಯಿರಿ: 1875 ಇಂಗ್ಲೆಂಡಿನಲ್ಲಿ ಜನನ, 1898 ಗೋಲ್ಡನ್ ಡಾನ್ ಎಂಬ ನಿಗೂಢವಿದ್ಯೆಯ ಸಂಘಕ್ಕೆ ಸೇರ್ಪಡೆ, 1904 ಕೈರೋ, 1905 ಕಾಂಚನಗಂಗಾ, 1920 ಸಿಸಿಲಿಯಲ್ಲಿ ತನ್ನ ಪಂಥದ ಆಶ್ರಮ, 1947 ಹೇಸ್ಟಿಂಗ್ಸ್‌ನಲ್ಲಿ ಮರಣ. ಏಳನೆಯದು ಬೇಡ, ಯಾರಿಗೂ ನೆನಪಿರುವುದಿಲ್ಲ.

ಟಿಪ್ಪಣಿ ಬರೆಯುವಾಗ ಮೂರು ಬಣ್ಣದ ಪೆನ್ನು ಇಟ್ಟುಕೊಳ್ಳಿ. ಅವನೇ ಹೇಳಿಕೊಂಡದ್ದು ನೀಲಿ, ಪತ್ರಿಕೆ ಬರೆದದ್ದು ಕೆಂಪು, ದಾಖಲೆಯಲ್ಲಿರುವುದು ಕಪ್ಪು. ತಾಯಿ ತನ್ನನ್ನು ‘ಮೃಗ’ ಎಂದಳೆಂಬುದು ನೀಲಿ. ‘ಜಗತ್ತಿನ ಅತಿ ದುಷ್ಟ’ ಎಂಬುದು ಕೆಂಪು, 1923ರ ‘ಜಾನ್ ಬುಲ್’ ವಾರಪತ್ರಿಕೆಯದು. 1934ರಲ್ಲಿ ಹೂಡಿದ ಮಾನನಷ್ಟ ಮೊಕದ್ದಮೆ ಸೋತು, ಮರುವರ್ಷ ದಿವಾಳಿಯಾದದ್ದು ಕಪ್ಪು. ಈ ಬಣ್ಣಗಳು ಕಲಸಿಹೋದರೆ ಭಾಷಣ ಗಾಳಿಸುದ್ದಿಯಾಗುತ್ತದೆ.

ಹೆಚ್ಚು ಹೊತ್ತು, ಅಂದರೆ ಹದಿನೈದು ನಿಮಿಷ, ನಮ್ಮ ಕಡೆಯ ನಂಟಿಗೆ ಕೊಡಿ. 1901ರಲ್ಲಿ ಸಿಲೋನಿನಲ್ಲಿ ಗೆಳೆಯ ಅಲನ್ ಬೆನೆಟ್ ಜೊತೆ ಆಸನ, ಪ್ರಾಣಾಯಾಮ ಕಲಿತ. ಮುಂದೆ ಶಿಷ್ಯರಿಗೂ ಅದನ್ನೇ ಹೇಳಿಕೊಟ್ಟು, ದಿನಚರಿ ಬರೆಯುವುದನ್ನು ಕಡ್ಡಾಯ ಮಾಡಿದ. 1905ರಲ್ಲಿ ಕಾಂಚನಗಂಗಾ ಶಿಖರ ಏರುವ ಯಾತ್ರೆಯಲ್ಲಿ ಹಿಮ ಕುಸಿದು ಜೊತೆಗಾರ ಅಲೆಕ್ಸಿ ಪಾಶ್ ಮತ್ತು ಮೂವರು ಹೊರೆಯಾಳುಗಳು ಸತ್ತರು. ಕ್ರೋಲಿ ನೆರವಿಗೆ ಇಳಿಯದೆ ಮೇಲಿನ ಡೇರೆಯಲ್ಲೇ ಉಳಿದ, ಆಮೇಲೆ ಅಲಹಾಬಾದಿನ ‘ಪಯೊನಿಯರ್’ ಪತ್ರಿಕೆಯಲ್ಲಿ ಸಮರ್ಥಿಸಿಯೂ ಬರೆದ. ಅವನ ಸ್ವಭಾವ ತಿಳಿಯಲು ಇಷ್ಟೇ ಸಾಕು, ಮಂತ್ರದ ಸುದ್ದಿ ಬೇಕಿಲ್ಲ.

ಕೈರೋಗೆ ಐದು ನಿಮಿಷ ಸಾಕು. ಏಪ್ರಿಲ್ 8ರಿಂದ 10, ದಿನಕ್ಕೊಂದು ಗಂಟೆ, ಐವಾಸ್ ಎಂಬ ಅಶರೀರವಾಣಿ ಹೇಳಿದ್ದನ್ನು ಬರೆದುಕೊಂಡೆ ಎಂದ (ನೀಲಿ!). ಅವನು ಕಟ್ಟಿದ ಥೆಲೆಮಾ ಪಂಥ ಆ ಬರಹದ ಮೇಲೆ ನಿಂತಿದೆ. ‘ನಿನ್ನ ಸಂಕಲ್ಪದಂತೆ ಮಾಡು’ ಎಂಬ ಅದರ ಸೂತ್ರವನ್ನು ‘ಮನಸ್ಸಿಗೆ ಬಂದ ಹಾಗೆ ಕುಣಿ’ ಎಂದು ವಿವರಿಸಬೇಡಿ. ತನ್ನ ನಿಜವಾದ ಸಂಕಲ್ಪ ಯಾವುದೆಂದು ಕಂಡುಕೊಂಡು ಅದನ್ನೇ ನಡೆಸು ಎಂಬುದು ಅವನ ವಾದ.

ನರಬಲಿಯ ಪ್ರಶ್ನೆ ಬಂದೇ ಬರುತ್ತದೆ. ವರ್ಷಕ್ಕೆ ಸುಮಾರು 150 ಬಲಿ ಎಂದು ಅವನೇ ಬರೆದದ್ದು ಲೈಂಗಿಕ ಕ್ರಿಯೆಯ ಗೂಢಮಾತು. ಸಭೆಯಲ್ಲಿ ಮಕ್ಕಳಿದ್ದರೆ ‘ಸಂಕೇತ’ ಎಂದಷ್ಟೇ ಹೇಳಿ ಮುಂದೆ ಹೋಗಿ.

ಪರಂಪರೆಗೆ, ಅವನ ಸೂಚನೆಯಂತೆ ಕಲಾವಿದೆ ಫ್ರೀಡಾ ಹ್ಯಾರಿಸ್ ಚಿತ್ರಿಸಿದ ಥೋತ್ ಟ್ಯಾರೋ (ಭವಿಷ್ಯ ಹೇಳಲು ಬಳಸುವ ಚಿತ್ರದ ಎಲೆಗಳು) ತೋರಿಸಿ. ಎಲೆಗಳ ಕಟ್ಟಾಗಿ ಅಚ್ಚಾದದ್ದು 1969ರಲ್ಲಿ, ಇಬ್ಬರೂ ತೀರಿಹೋದ ಮೇಲೆ. ಒಂದೆರಡು ಚಿತ್ರ ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿ. ಇಡೀ ಕಟ್ಟನ್ನೇ ಮೇಜಿನ ಮೇಲಿಟ್ಟರೆ ಭವಿಷ್ಯ ಕೇಳುವವರ ಸಾಲು ಬಾಗಿಲವರೆಗೂ ಬೆಳೆಯುತ್ತದೆ.