ಸರ್ಕಾರದ ಬಂಡವಾಳ ಬೇಕೆ? ಪಾಲು ಬಿಟ್ಟುಕೊಡಲು ಸಿದ್ಧರಾಗಿ

ಸಣ್ಣ ಕಾರ್ಖಾನೆಗಳಿಗೆ ಸರ್ಕಾರವೇ ಬಂಡವಾಳ ಹಾಕುತ್ತದೆಂದು ಕೇಳಿ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಅರ್ಜಿ ಹಿಡಿದು ಹೋದರೆ ಪ್ರಯೋಜನವಿಲ್ಲ. 2020ರ ಮೇ ತಿಂಗಳಲ್ಲಿ ಘೋಷಣೆಯಾದ ಸೆಲ್ಫ್ ರಿಲಯಂಟ್ ಇಂಡಿಯಾ ನಿಧಿಯ ದಾರಿ ಬೇರೆ. ಇದಕ್ಕೆ ಕೇಂದ್ರ ಸರ್ಕಾರದ ಪಾಲು 10,000 ಕೋಟಿ ರೂಪಾಯಿ. ಖಾಸಗಿ ಹಣವೂ ಸೇರಿ 50,000 ಕೋಟಿ ಆಗಬೇಕೆಂಬುದು ಗುರಿ. ಸರ್ಕಾರದ ಹಣ ಮೊದಲು ಮೂಲನಿಧಿಗೆ ಹೋಗುತ್ತದೆ. ಅಲ್ಲಿಂದ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿಕೊಂಡ ಹೂಡಿಕೆ ನಿಧಿಗಳಿಗೆ ಹಂಚಿಕೆಯಾಗುತ್ತದೆ. ನಿಮ್ಮ ಷೇರು ಕೊಳ್ಳುವವರು ಈ ಎರಡನೆಯ ಹಂತದವರು. ಇವರನ್ನು ‘ಡಾಟರ್ ಫಂಡ್’ ಎನ್ನುತ್ತಾರೆ.

ಮೊದಲನೆಯದಾಗಿ, ಇದು ನಿಮಗೆ ತಕ್ಕದ್ದೇ ಎಂದು ನೋಡಿಕೊಳ್ಳಿ. ಬೇಕರಿಗೆ ಇನ್ನೊಂದು ಓವನ್ ಬೇಕಿದ್ದರೆ ಬ್ಯಾಂಕ್ ಸಾಲವೇ ಸಾಕು. ಬೆಳಗಾವಿಯ ಫೌಂಡ್ರಿಯೋ ಪೀಣ್ಯದ ಯಂತ್ರಭಾಗಗಳ ಘಟಕವೋ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಬೆಳೆಯಬಲ್ಲದು ಎಂದಾದರೆ ಮಾತ್ರ ಹೂಡಿಕೆದಾರರು ತಿರುಗಿ ನೋಡುತ್ತಾರೆ. ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೂ ಸ್ವಸಹಾಯ ಸಂಘಗಳಿಗೂ ಇಲ್ಲಿ ಅವಕಾಶವಿಲ್ಲ.

ಎರಡನೆಯದು ಕಾಗದಪತ್ರ. ಒಬ್ಬರದೇ ಹೆಸರಿನ ವ್ಯವಹಾರದಲ್ಲಿ ಮಾರಲು ಷೇರುಗಳೇ ಇರುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಳ್ಳಿ. ಸಣ್ಣ, ಮಧ್ಯಮ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವ ‘ಉದ್ಯಮ್’ ನೋಂದಣಿಯೂ ಇರಲಿ. ಅದು ಉಚಿತ, ಅದಕ್ಕೆ ದುಡ್ಡು ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. 2025ರ ಏಪ್ರಿಲ್‌ನಿಂದ 125 ಕೋಟಿವರೆಗಿನ ಹೂಡಿಕೆ, 500 ಕೋಟಿವರೆಗಿನ ವಹಿವಾಟು ಇರುವ ಘಟಕವೂ ಮಧ್ಯಮ ಉದ್ಯಮವೇ. ಮನೆ ಖರ್ಚು, ಅಂಗಡಿ ಖರ್ಚು ಒಂದೇ ಖಾತೆಯಲ್ಲಿದ್ದರೆ ಇಂದೇ ಬೇರ್ಪಡಿಸಿ. ಲೆಕ್ಕಪರಿಶೋಧನೆಯಾದ ಲೆಕ್ಕಪತ್ರಗಳೂ ಜಿಎಸ್‌ಟಿ ವಿವರಗಳೂ ಒಂದಕ್ಕೊಂದು ತಾಳೆಯಾಗಬೇಕು. ಮಾತುಕತೆ ಮುರಿದುಬೀಳುವುದು ಹೆಚ್ಚಾಗಿ ಇಲ್ಲಿಯೇ.

ಆಮೇಲೆ ಡಾಟರ್ ಫಂಡ್‌ಗಳ ಪಟ್ಟಿ ನೋಡಿ. ಮೂಲನಿಧಿಯನ್ನು ನಡೆಸುವ ಎನ್‌ಎಸ್‌ಐಸಿ ವೆಂಚರ್ ಕ್ಯಾಪಿಟಲ್ ಫಂಡ್ ಸಂಸ್ಥೆಯ ಜಾಲತಾಣದಲ್ಲಿ ಅದು ಸಿಗುತ್ತದೆ. ನಿಮ್ಮ ಕ್ಷೇತ್ರದಲ್ಲಿ ಹಣ ಹಾಕಿದವರನ್ನೇ ಆರಿಸಿ ನೇರವಾಗಿ ಬರೆಯಿರಿ.

ಅವರು ಒಪ್ಪಿದರೆ ಕಂಪನಿಗೆ ಬೆಲೆ ಕಟ್ಟುವ ಮಾತು ಬರುತ್ತದೆ. ನಿಮ್ಮ ಕಂಪನಿಯ ಬೆಲೆ 15 ಕೋಟಿ, ಬರುವ ಹಣ 5 ಕೋಟಿ ಎಂದುಕೊಳ್ಳಿ. ಒಟ್ಟು 20 ಕೋಟಿಯಾಯಿತು. ಅವರ ಪಾಲು ಶೇ 25. ಬಹುತೇಕರು ಈ ಶೇಕಡಾವಾರಿಗಾಗಿ ಗುದ್ದಾಡಿ, ಒಪ್ಪಂದದ ಉಳಿದ ಪುಟಗಳನ್ನು ತಿರುವಿಹಾಕುತ್ತಾರೆ. ನಿಜವಾದ ಬಿಗಿ ಇರುವುದು ಆ ಪುಟಗಳಲ್ಲಿ. ನಿರ್ದೇಶಕ ಮಂಡಳಿಯಲ್ಲಿ ಅವರಿಗೆಷ್ಟು ಸ್ಥಾನ? ಹೊಸ ಸಾಲ ಮಾಡಲು, ಜಾಗ ಮಾರಲು ಅವರ ಒಪ್ಪಿಗೆ ಬೇಕೆ? ಇಂತಿಷ್ಟು ವರ್ಷಗಳಲ್ಲಿ ಷೇರು ಮಾರಾಟವಾಗದಿದ್ದರೆ ನಿಗದಿತ ಲಾಭ ಸೇರಿಸಿ ನೀವೇ ಮರಳಿ ಕೊಳ್ಳಬೇಕು ಎಂಬ ಷರತ್ತಿದ್ದರೆ, ಅದು ಷೇರಿನ ಹೆಸರಿನಲ್ಲಿ ಬಂದ ಸಾಲ. ಅದನ್ನು ತೆಗೆಸಿ, ಇಲ್ಲವೇ ಲಾಭದ ದರಕ್ಕೆ ಮಿತಿ ಹಾಕಿಸಿ. ಈ ಹಂತದಲ್ಲಿ ನಿಮ್ಮದೇ ವಕೀಲರಿರಲಿ; ಹೂಡಿಕೆದಾರರು ಸೂಚಿಸಿದವರು ಬೇಡ.